ಎರಡು ಅಂಕದ ಬಾಕಿ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯ ನೆನಪುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಕಟ್ಟಡ ಕಟ್ಟಿದ್ದು, ಹೆಂಚು ಹಾರಿಹೋದದ್ದು, ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹೊತ್ತದ್ದು, ಇವನ್ನೆಲ್ಲ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಜನ ಇದ್ದಾರೆ. ನಾನು ಒಂದೇ ಒಂದು ಪಾಠದ ಬಗ್ಗೆ ಹೇಳುತ್ತೇನೆ. ಒಂಬತ್ತನೇ ತರಗತಿಯ ಪಾಠ, ನ್ಯೂಟನ್ನನ ಮೂರನೇ ನಿಯಮ. ಈ ಶಾಲೆಯಲ್ಲಿ ಅದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದೆ. ಅದರಲ್ಲಿ ಮೊದಲ ಆರೇಳು ವರ್ಷ ತಪ್ಪಾಗಿ ಮಾಡಿದೆ.

ನಗಬೇಡಿ. ಆ ವರ್ಷಗಳ ಬ್ಯಾಚಿನವರು ಇಲ್ಲೇ ಕೂತಿದ್ದೀರಿ.

ಮಳೆಗಾಲದ ಒಂದು ಮಧ್ಯಾಹ್ನ. ‘ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ’ ಎಂದು ಹಲಗೆಯ ಮೇಲೆ ಬರೆದು, ಮೂರು ಸಲ ಎಲ್ಲರಿಂದಲೂ ಹೇಳಿಸಿದೆ. ಉದಾಹರಣೆಗೆ ಗೋಡೆ ಗುದ್ದಿದರೆ ಕೈ ನೋಯುವುದು, ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುವುದು. ಎಲ್ಲ ಪುಸ್ತಕದಲ್ಲಿದ್ದದ್ದೇ. ಕಿಟಕಿಯ ಪಕ್ಕದ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೊರಗೆ ರಸ್ತೆಯಲ್ಲಿ ಯಾರದೋ ಗಾಡಿ ಹೋಗುತ್ತಿತ್ತು. ಅದನ್ನು ನೋಡಿಯೇ ಅವಳಿಗೆ ಪ್ರಶ್ನೆ ಹೊಳೆದಿರಬೇಕು.

“ಸಾರ್, ಎತ್ತು ಗಾಡೀನ ಎಷ್ಟು ಎಳೆಯುತ್ತೋ ಗಾಡಿನೂ ಎತ್ತನ್ನ ಅಷ್ಟೇ ಹಿಂದಕ್ಕೆ ಎಳೆದರೆ, ಎರಡೂ ವಜಾ ಆಗಲ್ವಾ? ಗಾಡಿ ಮುಂದೆ ಹೋಗೋದು ಹೇಗೆ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ” ಎಂದೆ. ಕೂತಳು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನೇ ಒಂದು ಪ್ರಶ್ನೆ ಕೊಟ್ಟೆ. ‘ಮೇಜಿನ ಮೇಲೆ ಪುಸ್ತಕವಿದೆ. ಪುಸ್ತಕದ ತೂಕ ಕ್ರಿಯೆಯಾದರೆ ಅದರ ಪ್ರತಿಕ್ರಿಯೆ ಯಾವುದು?’ ಎರಡು ಅಂಕ. ನಾನು ಪಾಠದಲ್ಲಿ ಹೇಳಿಕೊಟ್ಟಿದ್ದ ಉತ್ತರ, ‘ಮೇಜು ಪುಸ್ತಕವನ್ನು ಮೇಲಕ್ಕೆ ತಳ್ಳುವ ಬಲ’. ಇಡೀ ತರಗತಿ ಅದನ್ನೇ ಬರೆದಿತ್ತು. ಆ ಹುಡುಗಿ ಮಾತ್ರ ‘ಪುಸ್ತಕ ಭೂಮಿಯನ್ನು ಮೇಲಕ್ಕೆ ಎಳೆಯುವ ಬಲ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಸೊನ್ನೆ ಹಾಕಿ, ಪಕ್ಕದಲ್ಲಿ ‘ಭೂಮಿ ಮೇಲೇಳುತ್ತದೆಯೇ?’ ಎಂದು ಬರೆದೆ. ಪತ್ರಿಕೆ ಹಂಚುವಾಗ ಅದನ್ನು ಗಟ್ಟಿಯಾಗಿ ಓದಿಯೂ ಹೇಳಿದೆ. ಎಲ್ಲರೂ ನಕ್ಕರು. ಆ ವರ್ಷವಿಡೀ ಅವಳು ಮತ್ತೆ ಎದ್ದು ನಿಂತದ್ದು ನನಗೆ ನೆನಪಿಲ್ಲ.

ಅದಾದ ಎರಡು ವರ್ಷಕ್ಕೆ ಶಿಕ್ಷಕರ ಬೇಸಿಗೆ ತರಬೇತಿ. ಪಾಠ ಮಾಡಲು ಬಂದವರು ಎರಡು ಸ್ಪ್ರಿಂಗ್ ತಕ್ಕಡಿಗಳ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಒಂದನ್ನು ನನ್ನ ಕೈಗೂ ಇನ್ನೊಂದನ್ನು ಪಕ್ಕದವರ ಕೈಗೂ ಕೊಟ್ಟರು. ಪಕ್ಕದವರು ಸುಮ್ಮನೆ ಹಿಡಿದುಕೊಂಡಿರಲಿ, ನೀವು ಮಾತ್ರ ಎಳೆಯಿರಿ ಎಂದರು. ಎಳೆದೆ. ಎರಡೂ ತಕ್ಕಡಿ ಒಂದೇ ಅಂಕಿ ತೋರಿಸಿದವು. ಈಗ ಅವರು ಎಳೆಯಲಿ, ನೀವು ಸುಮ್ಮನಿರಿ ಎಂದರು. ಆಗಲೂ ಒಂದೇ ಅಂಕಿ. ‘ಇದರಲ್ಲಿ ಕ್ರಿಯೆ ಯಾವುದು, ಪ್ರತಿಕ್ರಿಯೆ ಯಾವುದು?’ ಎಂದು ಕೇಳಿದರು. ನಾವು ನಲವತ್ತು ಜನ ವಿಜ್ಞಾನದ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನನ್ನ ಮಟ್ಟಿಗೆ ಈ ಗೊಂದಲದ ಅರ್ಧ ಪಾಲು ಆ ಎರಡು ಪದಗಳದ್ದು. ‘ಪ್ರತಿಕ್ರಿಯೆ’ ಅಂದರೆ ನಮಗೆ ಆಮೇಲೆ ಬರುವುದು. ಒಬ್ಬರು ಬೈದರು, ಇನ್ನೊಬ್ಬರು ತಿರುಗಿ ಬೈದರು. ಟೀವಿಯವರು ಮೈಕು ಹಿಡಿದು ‘ನಿಮ್ಮ ಪ್ರತಿಕ್ರಿಯೆ ಏನು’ ಎಂದು ಕೇಳುವಂತೆ. ಬಲಗಳ ವಿಷಯದಲ್ಲಿ ಹಿಂದು ಮುಂದು ಇಲ್ಲ. ಎರಡೂ ಒಂದೇ ಕ್ಷಣದಲ್ಲಿ ಹುಟ್ಟುತ್ತವೆ, ಒಂದೇ ಕ್ಷಣದಲ್ಲಿ ಹೋಗುತ್ತವೆ. ಯಾವುದನ್ನು ಬೇಕಾದರೂ ಕ್ರಿಯೆ ಅನ್ನಬಹುದು.

ಆ ಬೇಸಿಗೆ ಮನೆಯಲ್ಲಿ ಕೂತು ಯೋಚಿಸುವಾಗ ನನಗೆ ದಾರಿ ತೋರಿಸಿದ್ದು ಭೌತಶಾಸ್ತ್ರವಲ್ಲ, ಕನ್ನಡ ವ್ಯಾಕರಣ. ನಮ್ಮ ಕನ್ನಡ ಪಂಡಿತರು ಇಲ್ಲೇ ಇದ್ದಾರೆ, ತಪ್ಪಿದ್ದರೆ ತಿದ್ದಲಿ. ಯಾವುದೇ ಬಲವನ್ನು ಒಂದು ಪೂರ್ಣ ವಾಕ್ಯದಲ್ಲಿ ಹೇಳಬೇಕು. ಯಾವುದು, ಯಾವುದನ್ನು, ಏನು ಮಾಡುತ್ತದೆ. ಕರ್ತೃ, ಕರ್ಮ, ಕ್ರಿಯಾಪದ. ‘ಭೂಮಿ ಪುಸ್ತಕವನ್ನು ಎಳೆಯುತ್ತದೆ.’ ಜೋಡಿ ಬಲ ಬೇಕಾದರೆ ವಿಭಕ್ತಿ ಪ್ರತ್ಯಯ ಅದಲುಬದಲು ಮಾಡಿ, ಕ್ರಿಯಾಪದವನ್ನು ಮುಟ್ಟಬೇಡಿ. ‘ಪುಸ್ತಕ ಭೂಮಿಯನ್ನು ಎಳೆಯುತ್ತದೆ.’ ಅಷ್ಟೇ. ಕ್ರಿಯಾಪದ ಬದಲಾದರೆ, ಅಥವಾ ಮೂರನೆಯವರು ವಾಕ್ಯದೊಳಗೆ ನುಗ್ಗಿದರೆ, ಅದು ಬೇರೆ ಬಲ.

ನನ್ನ ಮಾದರಿ ಉತ್ತರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ಮೇಜು ಪುಸ್ತಕವನ್ನು ತಳ್ಳುತ್ತದೆ.’ ಮೇಜು ಎಲ್ಲಿಂದ ಬಂತು? ‘ಎಳೆಯುತ್ತದೆ’ ಹೋಗಿ ‘ತಳ್ಳುತ್ತದೆ’ ಯಾಕೆ ಆಯಿತು? ಅದು ಬೇರೆಯೇ ಒಂದು ಬಲ, ಅದಕ್ಕೆ ಅದರದೇ ಜೋಡಿ ಇದೆ, ‘ಪುಸ್ತಕ ಮೇಜನ್ನು ತಳ್ಳುತ್ತದೆ’ ಅಂತ. ಹುಡುಗಿ ಬರೆದದ್ದು ಅಕ್ಷರಶಃ ಸರಿ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹಲಗೆಯ ಮೇಲೆ ಬರೆದ ನಿಯಮವನ್ನು ನನಗಿಂತ ಗಮನವಿಟ್ಟು ಓದಿದ್ದಳು.

ಹಾಗಾದರೆ ಮೇಜಿನ ತಳ್ಳುವಿಕೆಯೂ ಪುಸ್ತಕದ ತೂಕವೂ ಸಮ ಯಾಕೆ ಇರುತ್ತವೆ? ಪುಸ್ತಕ ಅಲ್ಲಾಡದೆ ಕೂತಿದೆಯಲ್ಲ, ಅದಕ್ಕೆ. ಅಲ್ಲಾಡಿದರೆ ಆ ಸಮ ಕೆಡುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆಲ್ಲ ಗೊತ್ತು. ಹಂಪ್ ಬಂದಾಗ ನಾವು ಸೀಟಿನಿಂದ ಮೇಲಕ್ಕೆ ಹಾರುತ್ತೇವೆ. ಆ ಒಂದು ಕ್ಷಣ ಸೀಟು ನಮ್ಮನ್ನು ತಳ್ಳುವುದೇ ಇಲ್ಲ. ಭೂಮಿ ಎಳೆಯುವುದು ಮಾತ್ರ ಅಷ್ಟೇ ಇರುತ್ತದೆ. ಮತ್ತೆ ಕೆಳಗೆ ಬಿದ್ದಾಗ ಸೀಟು ನಮ್ಮ ತೂಕಕ್ಕಿಂತ ಎಷ್ಟೋ ಹೆಚ್ಚು ತಳ್ಳುತ್ತದೆ, ಬೆನ್ನುಮೂಳೆ ಅದಕ್ಕೆ ಸಾಕ್ಷಿ. ಕ್ರಿಯೆ ಪ್ರತಿಕ್ರಿಯೆಗಳು ಯಾವ ಕ್ಷಣದಲ್ಲೂ ಅಸಮವಾಗುವಂತಿಲ್ಲ. ಇವು ಅಸಮವಾಗುತ್ತವೆ. ಅಂದಮೇಲೆ ಇವು ಆ ಜೋಡಿಯಲ್ಲ. ನಾನು ಇಪ್ಪತ್ತು ವರ್ಷ ಆ ಬಸ್ಸಿನಲ್ಲೇ ಓಡಾಡಿದವನು.

ಇನ್ನು ನಾನು ಕೆಂಪು ಶಾಯಿಯಲ್ಲಿ ಕೇಳಿದ ಪ್ರಶ್ನೆ. ಭೂಮಿ ಮೇಲೇಳುತ್ತದೆಯೇ? ಏಳುತ್ತದೆ. ಅರ್ಧ ಕಿಲೋ ಪುಸ್ತಕವನ್ನು ಭೂಮಿ ಸುಮಾರು 5 ನ್ಯೂಟನ್ ಬಲದಿಂದ ಎಳೆದರೆ ಪುಸ್ತಕವೂ ಭೂಮಿಯನ್ನು ಅದೇ 5 ನ್ಯೂಟನ್ ಬಲದಿಂದ ಎಳೆಯುತ್ತದೆ. ಆದರೆ ಭೂಮಿಯ ದ್ರವ್ಯರಾಶಿ ಎಷ್ಟು? ಆರರ ಮುಂದೆ ಇಪ್ಪತ್ತನಾಲ್ಕು ಸೊನ್ನೆ, ಅಷ್ಟು ಕಿಲೋ. ಕೈಜಾರಿದ ಪುಸ್ತಕ ಒಂದು ಮೀಟರ್ ಕೆಳಗೆ ಬೀಳುವಷ್ಟರಲ್ಲಿ ಭೂಮಿ ಮೇಲಕ್ಕೆ ಬರುವ ದೂರ ಒಂದು ಪರಮಾಣುವಿನ ಕೋಟಿ ಕೋಟಿ ಪಾಲಿನಲ್ಲಿ ಒಂದು ಪಾಲೂ ಅಲ್ಲ. ಕಾಣುವುದಿಲ್ಲ ನಿಜ. ಪುಸ್ತಕದ ಬದಲು ಚಂದ್ರನನ್ನು ಇಟ್ಟುಕೊಳ್ಳಿ, ಆಗ ಲೆಕ್ಕಕ್ಕೆ ಸಿಗುತ್ತದೆ. ಚಂದ್ರ ಭೂಮಿಯನ್ನು ಸುತ್ತುತ್ತಾನೆ ಅನ್ನುತ್ತೇವೆ. ನಿಜವಾಗಿ ಇಬ್ಬರೂ ಒಂದು ಸಾಮಾನ್ಯ ಬಿಂದುವನ್ನು ಸುತ್ತುತ್ತಾರೆ. ಆ ಬಿಂದು ಭೂಮಿಯ ಕೇಂದ್ರದಿಂದ ಸುಮಾರು 4,700 ಕಿಲೋಮೀಟರ್ ದೂರದಲ್ಲಿದೆ. ಭೂಮಿ ತಿಂಗಳಿಗೊಂದು ಸಲ ಅಷ್ಟು ದೊಡ್ಡ ಸುತ್ತು ಹಾಕುವುದು ಚಂದ್ರ ಎಳೆಯುವುದರಿಂದಲೇ.

ಈಗ ಗಾಡಿಗೆ ಬರೋಣ. ರೈತರು ಬಹಳ ಜನ ಇದ್ದೀರಿ, ನೀವೇ ಪರೀಕ್ಷಕರು.

ಬಲ ಅಂದರೆ ಬರೀ ಅಂಕಿಯಲ್ಲ, ಅದಕ್ಕೆ ದಿಕ್ಕಿದೆ. ಇಂಥದ್ದಕ್ಕೆ ಪುಸ್ತಕದಲ್ಲಿ ಸದಿಶ ಎಂದು ಹೆಸರು. ಬಾಣದ ಗುರುತಿನಿಂದ ತೋರಿಸುತ್ತೇವೆ. ಬಾಣ ಉದ್ದವಿದ್ದಷ್ಟೂ ಬಲ ಹೆಚ್ಚು, ಮೊನೆ ಎತ್ತ ಇದೆಯೋ ಅತ್ತ ದಿಕ್ಕು. ಮಕ್ಕಳಿಗೆ ಬಾಣ ಬರೆಯುವುದು ಕಷ್ಟವಿಲ್ಲ. ಬಾಣ ಯಾರ ಮೈಮೇಲೆ ಬರೆಯಬೇಕು ಎಂಬಲ್ಲಿ ಎಡವುತ್ತಾರೆ. ನಾನೂ ಅಲ್ಲೇ ಎಡವಿದ್ದು. ಒಂದೇ ವಸ್ತುವಿನ ಮೇಲೆ ಬೀಳುವ ಬಾಣಗಳನ್ನು ಮಾತ್ರ ಕೂಡಬೇಕು, ಕಳೆಯಬೇಕು. ಎತ್ತಿನ ಮೇಲೆ ಬಿದ್ದ ಬಾಣವನ್ನು ಗಾಡಿಯ ಮೇಲೆ ಬಿದ್ದ ಬಾಣದಿಂದ ವಜಾ ಮಾಡುವುದು, ನಮ್ಮ ಮನೆಯ ಸಾಲವನ್ನು ಪಕ್ಕದ ಮನೆಯವರ ಉಳಿತಾಯದಲ್ಲಿ ತೀರಿಸಿದ ಹಾಗೆ.

ಲೆಕ್ಕಕ್ಕೆ ಒಂದಿಷ್ಟು ಅಂಕಿ ಹಿಡಿಯೋಣ. ಜೋಡಿ ಎತ್ತು ಸೇರಿ 800 ಕಿಲೋ. ಗಾಡಿಯೂ ಅದರ ಮೇಲಿನ ರಾಗಿ ಮೂಟೆಯೂ ಸೇರಿ 800 ಕಿಲೋ. ಎತ್ತು ಗಾಡಿಯನ್ನು 500 ನ್ಯೂಟನ್ ಬಲದಿಂದ ಮುಂದಕ್ಕೆ ಎಳೆಯುತ್ತದೆ. ಗಾಡಿ ಎತ್ತನ್ನು 500 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ನೊಗದ ಹತ್ತಿರ ಎತ್ತಿನ ಹೆಗಲು ನೋಡಿದರೆ ಈ ಎರಡನೆಯ ಬಲದ ಬಗ್ಗೆ ಯಾರಿಗೂ ಅನುಮಾನ ಬರದು, ಹೆಗಲು ಜಡ್ಡುಗಟ್ಟಿರುವುದು ಅದರಿಂದ. ಈಗ ಗಾಡಿಯ ಮೇಲೆ ಮಾತ್ರ ಕಣ್ಣಿಡಿ. ಮುಂದಕ್ಕೆ 500. ರಸ್ತೆಯೂ ಅಚ್ಚೂ ತಡೆಯುವುದು 400 ಇರಲಿ. ಉಳಿದದ್ದು 100, ಮುಂದಕ್ಕೆ. ಗಾಡಿ ವೇಗ ಹೆಚ್ಚಿಸಿಕೊಳ್ಳಲೇಬೇಕು. ಆಮೇಲೆ ಎತ್ತಿನ ಮೇಲೆ ಮಾತ್ರ ಕಣ್ಣಿಡಿ. ಹಿಂದಕ್ಕೆ 500. ಮುಂದಕ್ಕೆ ಏನಿದೆ?

ಇಲ್ಲಿ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದೆ. ಎತ್ತನ್ನು ಮುಂದಕ್ಕೆ ತಳ್ಳುವುದು ನೆಲ. ಎತ್ತು ಗೊರಸು ಊರಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ವಿಭಕ್ತಿ ಬದಲಿಸಿ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಅದು 600 ನ್ಯೂಟನ್ ಆದರೆ ಎತ್ತಿನ ಮೇಲೂ ಉಳಿಯುವುದು 100, ಮುಂದಕ್ಕೆ. ಎರಡಕ್ಕೂ ತೂಕ ಒಂದೇ ಹಿಡಿದಿದ್ದರಿಂದ ಎತ್ತು, ಗಾಡಿ ಎರಡೂ ಒಂದೇ ಪ್ರಮಾಣದಲ್ಲಿ ವೇಗ ಹೆಚ್ಚಿಸಿಕೊಂಡು ಜೊತೆಜೊತೆಗೇ ಹೋಗುತ್ತವೆ. ಓಟ ಒಂದು ಹದಕ್ಕೆ ಬಂದಮೇಲೆ 400ಕ್ಕೆ 400, ಎಲ್ಲ ಸಮ, ಗಾಡಿ ಅದೇ ವೇಗದಲ್ಲಿ ಸಾಗುತ್ತದೆ. ನೊಗದ ಹತ್ತಿರದ ಆ 500ಕ್ಕೆ 500 ಎಲ್ಲೂ ವಜಾ ಆಗಲಿಲ್ಲ, ಅವು ಇರುವುದೇ ಬೇರೆ ಬೇರೆ ಮೈಮೇಲೆ.

ಕೆಸರಿನಲ್ಲಿ ಗಾಡಿ ಹೂತಾಗ ಎತ್ತಿಗೆ ಶಕ್ತಿ ಕಡಿಮೆಯಾಗಿರುವುದಿಲ್ಲ. ಚಕ್ರದ ತಡೆ ಹೆಚ್ಚಾಗಿರುತ್ತದೆ, ಜೊತೆಗೆ ಗೊರಸು ಜಾರುತ್ತದೆ. ಹಿಂದಕ್ಕೆ ತಳ್ಳಿಸಿಕೊಳ್ಳಲು ಗಟ್ಟಿ ನೆಲವೇ ಇಲ್ಲದಿದ್ದರೆ ಮುಂದಕ್ಕೆ ತಳ್ಳುವವರು ಯಾರು? ಅದಕ್ಕೇ ಗೊರಸಿನ ಕೆಳಗೆ ಕಲ್ಲು, ಸೊಪ್ಪು ಹಾಕುತ್ತಿದ್ದಿರಿ. ಆಗ ಚಾಟಿ ಬೀಸುವವರಿಗೆ ಭೌತಶಾಸ್ತ್ರ ಬರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇನ್ನೊಂದು ವಿಷಯ ಹೇಳಿದರೆ ನನಗೆ ಸ್ವಲ್ಪ ಸಮಾಧಾನ, ಸ್ವಲ್ಪ ನಾಚಿಕೆ. 1687ರಲ್ಲಿ ನ್ಯೂಟನ್ ಲ್ಯಾಟಿನ್ ಭಾಷೆಯಲ್ಲಿ ‘ಪ್ರಿನ್ಸಿಪಿಯಾ’ ಎಂಬ ಗ್ರಂಥ ಪ್ರಕಟಿಸಿದ. ಮೂರನೇ ನಿಯಮದ ಕೆಳಗೆ ಅವನು ಕೊಟ್ಟ ಉದಾಹರಣೆಗಳಲ್ಲಿ ಒಂದು, ಹಗ್ಗ ಕಟ್ಟಿ ಕಲ್ಲು ಎಳೆಯುವ ಕುದುರೆ. ಕಲ್ಲೂ ಕುದುರೆಯನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ ಎಂದು ಅವನೇ ಹೇಳಿದ್ದಾನೆ. ಅಂದರೆ ನಮ್ಮ ಕಿಟಕಿ ಬೆಂಚಿನ ಪ್ರಶ್ನೆ ನಿಯಮದ ಜೊತೆಗೇ ಹುಟ್ಟಿದ್ದು. ಆ ನಿಯಮಗಳು ಮುಗಿದ ತಕ್ಷಣ ಬರುವ ಮೊದಲ ಉಪಪ್ರಮೇಯವೇ ಎರಡು ಬಲಗಳನ್ನು ಸಮಾಂತರ ಚತುರ್ಭುಜದಿಂದ ಕೂಡುವ ಬಗೆ. ಎರಡು ಪಾಠಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ನಾವು ಅವುಗಳನ್ನು ಬೇರೆ ಬೇರೆ ಅಧ್ಯಾಯ ಮಾಡಿ, ಒಂದು ಜೂನ್‌ನಲ್ಲಿ, ಒಂದು ಡಿಸೆಂಬರ್‌ನಲ್ಲಿ ಮುಗಿಸುತ್ತೇವೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ರಾಬರ್ಟ್ ಗೊಡಾರ್ಡ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ರಾಕೆಟ್ಟನ್ನು ಚಂದ್ರನವರೆಗೂ ಕಳಿಸಬಹುದು ಎಂದು ಬರೆದಾಗ, 1920ರ ಜನವರಿ 13ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸಂಪಾದಕೀಯ ಪುಟದಲ್ಲಿ ಅವರನ್ನು ಗೇಲಿ ಮಾಡಿತು. ಗಾಳಿಯೇ ಇಲ್ಲದ ಕಡೆ ರಾಕೆಟ್ ಏನನ್ನು ಒದ್ದು ಮುಂದೆ ಹೋಗುತ್ತದೆ, ಹೈಸ್ಕೂಲಿನಲ್ಲಿ ಕಲಿಸುವ ವಿಷಯವೂ ಇವರಿಗೆ ತಿಳಿದಂತಿಲ್ಲ ಎಂಬ ಧಾಟಿ. ವ್ಯಾಕರಣ ಹಾಕಿ ನೋಡಿ. ರಾಕೆಟ್ ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ. ಅನಿಲ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ವಾಕ್ಯದಲ್ಲಿ ಗಾಳಿಯ ಹೆಸರೇ ಇಲ್ಲ. 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ, ಪತ್ರಿಕೆ ತನ್ನ ತಪ್ಪಿಗೆ ವಿಷಾದ ಪ್ರಕಟಿಸಿತು. ಗೊಡಾರ್ಡ್ 1945ರಲ್ಲೇ ತೀರಿಕೊಂಡಿದ್ದರು. ನಮ್ಮ ಚಂದ್ರಯಾನ-3 ಕೂಡ 2023ರ ಆಗಸ್ಟ್ 23ರ ಸಂಜೆ ಗಾಳಿಯಿಲ್ಲದ ಚಂದ್ರನ ಮೇಲೆ ಹೀಗೇ, ಅನಿಲವನ್ನು ಕೆಳಕ್ಕೆ ತಳ್ಳಿ ವೇಗ ತಗ್ಗಿಸಿಕೊಂಡು ಇಳಿಯಿತು.

ಬಾಣಗಳನ್ನು ಕೂಡುವ ವಿಷಯ ಎರಡು ಮಾತು. ನಮ್ಮ ಶಾಲೆಯ ಗಿಡಗಳಿಗೆ ನೀರು ಹೊತ್ತವರಿಗೆಲ್ಲ ನೆನಪಿರಬೇಕು, ಒಂದು ಬಕೆಟ್ಟಿಗೆ ಇಬ್ಬರು. ಬಕೆಟ್ಟು 12 ಕಿಲೋ ಅಂದುಕೊಳ್ಳಿ. ಇಬ್ಬರೂ ಒತ್ತಾಗಿ ನಡೆದು ಕೈ ನೇರ ಕೆಳಗಿದ್ದರೆ ಒಬ್ಬೊಬ್ಬರ ಪಾಲು 6 ಕಿಲೋ. ಜಗಳವಾಡಿಕೊಂಡು ದೂರ ದೂರ ನಡೆದರೆ? ಕೈ ನೇರಕ್ಕಿಂತ 60 ಡಿಗ್ರಿ ಓರೆಯಾದರೆ ಒಬ್ಬೊಬ್ಬರ ಕೈಗೂ 12 ಕಿಲೋ ಭಾರ ಬೀಳುತ್ತದೆ. ಒಬ್ಬರೇ ಹೊತ್ತಿದ್ದರೂ ಅಷ್ಟೇ ಇತ್ತು. ತೇರಿನ ಎರಡು ಹಗ್ಗ ಹಿಡಿದವರಿಗೆ ಹಿರಿಯರು ‘ಒಳಕ್ಕೆ ಬನ್ನಿ, ಒಳಕ್ಕೆ ಬನ್ನಿ’ ಎಂದು ಕೂಗುವುದೂ ಇದಕ್ಕೇ. ಎರಡು ಹಗ್ಗದ ನಡುವೆ 120 ಡಿಗ್ರಿ ಅಂತರವಾದರೆ ಇಬ್ಬದಿಯವರೂ ಎಳೆದು ತೇರಿಗೆ ಸಿಗುವುದು ಒಂದೇ ಬದಿಯ ಬಲ.

ಇದೇ ಲೆಕ್ಕ ಕೆಲವೊಮ್ಮೆ ನಮಗೆ ಲಾಭವೂ ಹೌದು. ಹತ್ತು ಮೀಟರ್ ಅಂತರದ ಎರಡು ಕಂಬಕ್ಕೆ ಹಗ್ಗ ಬಿಗಿದು ನಡುವೆ 5 ಕಿಲೋದ ಒದ್ದೆ ಕಂಬಳಿ ನೇತುಹಾಕಿ, ಹಗ್ಗ ಹತ್ತು ಸೆಂಟಿಮೀಟರ್ ಮಾತ್ರ ಜಗ್ಗಿದರೆ, ಹಗ್ಗದ ಎಳೆತ 125 ಕಿಲೋ ತೂಗುವಷ್ಟು. ಬಟ್ಟೆ ಒಣಹಾಕುವ ಹಗ್ಗ ಹರಿಯುವುದು ಸಡಿಲ ಕಟ್ಟಿದವರ ಮನೆಯಲ್ಲಲ್ಲ, ಬಹಳ ಬಿಗಿ ಕಟ್ಟಿದವರ ಮನೆಯಲ್ಲಿ. ಹೂತ ಗಾಡಿಗೂ ಎದುರಿನ ಮರಕ್ಕೂ ಹಗ್ಗ ಬಿಗಿದು, ನಡುವೆ ನಿಂತು ಅಡ್ಡಕ್ಕೆ ಜಗ್ಗುವುದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೆ. ಗಾಡಿ ಬರುವುದು ಒಂದು ಸಲಕ್ಕೆ ಬೆರಳಗಲ, ಹಗ್ಗ ಹಿಗ್ಗಿದರೆ ಅದೂ ಇಲ್ಲ. ಆದರೆ ಇಬ್ಬರಿಂದ ಆಗದ ಬಲ ಅಲ್ಲಿ ಹುಟ್ಟುತ್ತದೆ.

ಸಮಯ ಮೀರುತ್ತಿದೆ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ.

ಆ ತರಬೇತಿಯಿಂದ ಬಂದ ವರ್ಷ ನಾನು ಪಾಠ ತಿದ್ದಿಕೊಂಡೆ. ಆಮೇಲಿನ ಬ್ಯಾಚಿನವರಿಗೆ ವಿಭಕ್ತಿ ಅದಲುಬದಲು ಮಾಡಿಸಿ ಮಾಡಿಸಿ ಸಾಕು ಮಾಡಿದ್ದೇನೆ. ಹಳೆಯ ಬ್ಯಾಚಿನವರಿಗೆ ಹೇಳುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಹತ್ತನೇ ತರಗತಿ ಮುಗಿಸಿ ಹೋಗಿದ್ದಳು. ಪಿಯುಸಿಗೆ ಕಲಾ ವಿಭಾಗ ತೆಗೆದುಕೊಂಡಳು ಎಂದು ಕೇಳಿದೆ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಅವರು ಇವತ್ತು ಈ ಸಭೆಯಲ್ಲಿದ್ದಾರೆ. ಈಗ ಬಹುವಚನದಲ್ಲೇ ಹೇಳಬೇಕು, ಅವರ ಮಗಳೇ ಒಂಬತ್ತನೇ ತರಗತಿಯಲ್ಲಿದ್ದಾಳೆ. ಇದನ್ನು ವೇದಿಕೆಯ ಮೇಲೆ ಹೇಳಬಹುದೇ ಎಂದು ಮೊನ್ನೆ ಫೋನ್ ಮಾಡಿ ಕೇಳಿದೆ. “ಹೇಳಿ ಸಾರ್, ಹೆಸರು ಮಾತ್ರ ಬೇಡ” ಅಂದರು. ಸೈನ್ಸ್ ಬಿಟ್ಟಿದ್ದು ನನ್ನಿಂದಲೇ ಏನಮ್ಮ ಎಂದು ಕೇಳಿದೆ. “ಇಲ್ಲ ಸಾರ್, ಬಸ್ಸು ಹೋಗೋ ಕಾಲೇಜಲ್ಲಿ ಸೈನ್ಸೇ ಇರಲಿಲ್ಲ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಆ ದಿನ ಎಲ್ಲರೂ ನಕ್ಕಿದ್ದು ಮಾತ್ರ ನೆನಪಿದೆ ಸಾರ್” ಅಂದರು.

ಆ ಉತ್ತರಪತ್ರಿಕೆ ಈಗ ಎಲ್ಲೂ ಇಲ್ಲ. ಅಂಕಪಟ್ಟಿ ತಿದ್ದುವ ಅಧಿಕಾರವೂ ನನಗಿಲ್ಲ. ಮುಖ್ಯೋಪಾಧ್ಯಾಯರ ಎದುರಿನಲ್ಲಿ, ಅಂದು ನಕ್ಕವರ ಎದುರಿನಲ್ಲಿ ಹೇಳುತ್ತಿದ್ದೇನೆ, ಆ ಪ್ರಶ್ನೆಗೆ ಎರಡಕ್ಕೆ ಎರಡು ಅಂಕ. ಗಾಡಿಯ ಪ್ರಶ್ನೆಗೆ ಉತ್ತರವನ್ನೂ ಇವತ್ತು ಹೇಳಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ಮಕ್ಕಳಿಗೂ ಹಗ್ಗಜಗ್ಗಾಟ ಇಟ್ಟಿದ್ದಾರೆ. ಮಕ್ಕಳೇ, ಒಂದು ಗುಟ್ಟು. ಹಗ್ಗದ ಎರಡು ತುದಿಯಲ್ಲೂ ಎಳೆತ ಹೆಚ್ಚುಕಡಿಮೆ ಒಂದೇ, ಅವರು ಎಷ್ಟೇ ದಪ್ಪಗಿರಲಿ. ಸೋಲು ಗೆಲುವು ಇರುವುದು ಪಾದದ ಕೆಳಗೆ. ಅವರನ್ನು ಉಪಾಯವಾಗಿ ಸಿಮೆಂಟ್ ಕಟ್ಟೆಯ ಮೇಲೆ ಕಾಲುಚೀಲದಲ್ಲಿ ನಿಲ್ಲಿಸಿ. ನೀವು ಬರಿಗಾಲಿನಲ್ಲಿ ಮಣ್ಣಿನ ಮೇಲೆ ನಿಂತು ಹಿಮ್ಮಡಿ ಊರಿ. ನಾನು ತೀರ್ಪುಗಾರನಾಗಿ ಬರುತ್ತೇನೆ.